ಒಂದು ಕಿವಿಯಲ್ಲಿ ಅಮ್ಮಾಜಿ

"ಮ್ಯಾಡಂ, ನಮಗೊಂದು ಸತ್ತ ಭಾಷೆ ಬೇಕಾಗಿತ್ತು" ಎಂದು ನಿರ್ದೇಶಕ ಫೋನಿನಲ್ಲಿ ಹೇಳಿದ. ತರಕಾರಿ ಗಾಡಿಯವನ ಹತ್ತಿರ ಕೊತ್ತಂಬರಿ ಸೊಪ್ಪು ಕೇಳುವ ಧಾಟಿ. ನನಗೆ ಪಿತ್ತ ನೆತ್ತಿಗೇರಿತು. ಹಳಗನ್ನಡ ಸತ್ತಿಲ್ಲಪ್ಪ, ಬೆಳಗಿನ ತರಗತಿಯಲ್ಲಿ ನನ್ನ ವಿದ್ಯಾರ್ಥಿಗಳು ಆಕಳಿಸುವಾಗ ಸ್ವಲ್ಪ ಮೂರ್ಛೆ ಹೋಗುತ್ತದೆ ಅಷ್ಟೇ ಎಂದೆ. ಆತ ಜೋರಾಗಿ ನಕ್ಕ. ಆ ನಗುವಿಗೇ ಸೋತು ಒಪ್ಪಿಕೊಂಡೆನೋ ಏನೋ. ದೆಹಲಿಯಲ್ಲಿ ಹಳಗನ್ನಡ ಹೇಳಿಕೊಡುವವಳನ್ನು ಹುಡುಕಿಕೊಂಡು ಯಾರಾದರೂ ಬರುವುದೇ ಅಪರೂಪ, ಬಂದವನನ್ನು ಬಿಡುವುದುಂಟೇ?

ಸಿನಿಮಾ ಹಿಂದಿಯದು. ಉತ್ತರದ ವ್ಯಾಪಾರಿಯೊಬ್ಬ ಸಾವಿರ ವರ್ಷಗಳ ಹಿಂದೆ ದಕ್ಷಿಣಕ್ಕೆ ಬಂದು, ಯುದ್ಧದ ಕಾರಣ ಒಬ್ಬ ಸೈನಿಕನ ಮನೆಯಲ್ಲಿ ಉಳಿಯಬೇಕಾಗುತ್ತದೆ. ಜೊತೆಗೊಬ್ಬ ದುಭಾಷಿ. ಆ ಮನೆಯಲ್ಲಿ ನಾಲ್ಕು ದೃಶ್ಯ, ನಾಲ್ಕರಲ್ಲೂ ಸೈನಿಕನ ತಾಯಿಯದೇ ಮಾತು. ಅವಳು ತನ್ನ ಕಾಲದ ಕನ್ನಡವನ್ನೇ ಆಡಬೇಕು, ಕೆಳಗೆ ಹಿಂದಿ ಅಕ್ಷರ ಬರಬೇಕು ಎನ್ನುವುದು ನಿರ್ದೇಶಕನ ಹಟ. ಸಂಭಾಷಣೆ ಬರೆಯುವುದು, ಹೇಳಿಕೊಡುವುದು, ಕೊನೆಯಲ್ಲಿ ಸಬ್‌ಟೈಟಲ್ ಕೂರಿಸುವುದು, ಮೂರೂ ನನ್ನ ಪಾಲಿಗೆ ಬಂದವು.

ತಾಯಿಯ ಪಾತ್ರಕ್ಕೆ ಬಂದವರು ದೆಹಲಿ ರಂಗಭೂಮಿಯ ಹಿರಿಯ ಪಂಜಾಬಿ ನಟಿ. ಎಲ್ಲರಿಗೂ ಅಮ್ಮಾಜಿ. ಗ್ರೇಟರ್ ನೋಯ್ಡಾದ ಫ್ಲ್ಯಾಟಿನಲ್ಲಿ ಮಗಳೊಂದಿಗೆ ಇದ್ದರು. ಆರ್.ಕೆ.ಪುರಂನಿಂದ ಅಲ್ಲಿಗೆ ಹೋಗುವುದೆಂದರೆ ಒಂದು ದಂಡಯಾತ್ರೆಯೇ. ಮೊದಲ ದಿನ ಶಬ್ದಾರ್ಥ, ವಿಭಕ್ತಿ ಎಂದು ಹಾಳೆ ಹರಡಿಕೊಂಡು ಕೂತೆ. ಅವರು ಎಲ್ಲವನ್ನೂ ಮಡಚಿ ಟೀ ಲೋಟದ ಕೆಳಗೆ ಇಟ್ಟರು.

"ಬೇಟಾ, ಅರ್ಥ ಆಮೇಲೆ. ಮೊದಲು ಸುರ್ ಕೊಡು."

(ಇಲ್ಲಿ ಬರುವ ಮಾತುಗಳಲ್ಲಿ ಹೆಚ್ಚಿನವು ಹಿಂದಿಯಲ್ಲಿ ನಡೆದವು. ನನಗೆ ನೆನಪಾಗುವುದು ಮಾತ್ರ ಕನ್ನಡದಲ್ಲಿ.)

ಸುರ್ ಎಲ್ಲಿಂದ ತರಲಿ? ಕಲ್ಲಿನ ಮೇಲೆ ಅಕ್ಷರ ಉಳಿದಿದೆ, ದನಿ ಉಳಿದಿಲ್ಲ. ಮಗ ಯುದ್ಧಕ್ಕೆ ಹೊರಟಾಗ ಆ ಕಾಲದ ತಾಯಿ ವಾಕ್ಯದ ಕೊನೆಯನ್ನು ಎತ್ತುತ್ತಿದ್ದಳೋ ಇಳಿಸುತ್ತಿದ್ದಳೋ ಯಾವ ಪಂಡಿತನಿಗೂ ಗೊತ್ತಿಲ್ಲ ಎಂದೆ. ಅಮ್ಮಾಜಿ ತಲೆ ಕೆಡಿಸಿಕೊಳ್ಳಲಿಲ್ಲ. "ಸರಿ, ನಿಮ್ಮ ಅಜ್ಜಿ ಹೇಗೆ ಮಾತಾಡ್ತಿದ್ದರು? ಅದನ್ನೇ ಕೊಡು."

ಹಿರಿಯೂರಿನ ನಮ್ಮಜ್ಜಿ ತೀರಿಕೊಂಡು ಎಷ್ಟೋ ವರ್ಷಗಳಾಗಿವೆ. ರಜೆ ಮುಗಿಸಿ ಹೊರಟ ಮೊಮ್ಮಕ್ಕಳಿಗೆ ಬಸ್‌ಸ್ಟ್ಯಾಂಡಿನಲ್ಲಿ ಬುದ್ಧಿ ಹೇಳುವಾಗ ಅವಳ ದನಿ ನಡುವೆ ಮೇಲೇರಿ, ಕೊನೆಯಲ್ಲಿ ತುಂಬಿದ ಕೊಡವನ್ನು ನೆಲಕ್ಕಿಳಿಸಿದ ಹಾಗೆ ಮೆಲ್ಲಗೆ ಕೂರುತ್ತಿತ್ತು. ನನಗೆ ಗೊತ್ತಿದ್ದ ತಾಯ್ತನದ ರಾಗ ಅದೊಂದೇ. ಅದರಲ್ಲೇ ಕೊನೆಯ ದೃಶ್ಯದ ಸಾಲನ್ನು ಹೇಳಿದೆ: "ಪೋಗು ಮಗನೆ, ಆನಿಲ್ಲಿರ್ಪೆಂ." ಹೋಗು ಮಗನೇ, ನಾನಿಲ್ಲಿರುತ್ತೇನೆ. ಅಮ್ಮಾಜಿ ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ಹೇಳಿದರು. ನನ್ನ ಮೈ ಜುಂ ಎಂದಿತು. ಇದು ಅಭಿನಯ ಕಲಿಸುವ ಕೆಲಸವೋ ದೆವ್ವ ಕರೆಸುವ ಕೆಲಸವೋ ಎಂದು ತಮಾಷೆಗೆ ಅಂದುಕೊಂಡೆ. ತಮಾಷೆ ಆ ಹೊತ್ತಿಗೆ ಮಾತ್ರ.

ಅಲ್ಲಿಂದ ಮುಂದೆ ನಮ್ಮ ಪಾಠವೆಲ್ಲ ಫೋನಿನಲ್ಲೇ. ನಾನು ಒಂದೊಂದು ಸಾಲನ್ನೂ ಮೂರು ವೇಗದಲ್ಲಿ ಹೇಳಿ ಧ್ವನಿ ಕಳಿಸುವುದು, ಅವರು ತಿರುಗಿ ಹೇಳಿ ಕಳಿಸುವುದು. ೞಕಾರ ಅವರನ್ನು ಬಹಳ ಸತಾಯಿಸಿತು. ಳ ಅಲ್ಲ, ರ ಅಲ್ಲ, ನಾಲಿಗೆ ಹಿಂದಕ್ಕೆ ಮಡಚಬೇಕು ಎಂದರೆ, "ನನ್ನ ಹಲ್ಲಿನ ಸೆಟ್ಟು ನಿಮ್ಮ ವ್ಯಾಕರಣಕ್ಕೆ ಒಪ್ಪಲ್ಲ ಬೇಟಾ" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಅವರ ಧ್ವನಿಸಂದೇಶ ಬಂತು: "ಸಬ್ಜಿ ಭಯ್ಯಾನಿಗೆ 'ಬಾೞ್' ಅಂತ ಆಶೀರ್ವಾದ ಮಾಡಿದೆ. ಹೆದರಿ ಎರಡು ನಿಂಬೆಹಣ್ಣು ಪುಕ್ಕಟೆ ಕೊಟ್ಟ." ೞ ಎಷ್ಟು ಚೊಕ್ಕವಾಗಿತ್ತೆಂದರೆ ನಾನು ಅದನ್ನು ತರಗತಿಯಲ್ಲಿ ಕೇಳಿಸಿದೆ.

ಚಿತ್ರೀಕರಣ ಗುರುಗ್ರಾಮ ದಾಟಿದ ಮೇಲೆ ಅರಾವಳಿಯ ಹಳೆಯ ಕಲ್ಲುಗಣಿಯೊಂದರಲ್ಲಿ ಹಾಕಿದ್ದ ಸೆಟ್ಟಿನಲ್ಲಿ. ಕಣ್ಣಿಗೆ ಸಾವಿರ ವರ್ಷದ ಹಿಂದಿನ ಊರೇ. ಕಿವಿಗೆ ಮಾತ್ರ ದೆಹಲಿ ವಿಮಾನ ನಿಲ್ದಾಣ. ಒಂದು ವಿಮಾನ ಹೋಯಿತು ಎನ್ನುವಷ್ಟರಲ್ಲಿ ಇನ್ನೊಂದು. ಸಾಲದ್ದಕ್ಕೆ ಜನರೇಟರ್. ಅಲ್ಲಿ ಹಿಡಿದ ಧ್ವನಿಗೆ ಪೈಲಟ್ ಎನ್ನುತ್ತಾರೆ. ಅದು ಬರೀ ಗುರುತಿಗೆ. ಮುಂದೆ ಸ್ಟುಡಿಯೋದಲ್ಲಿ ನಟರು ಅದನ್ನು ಕೇಳಿಕೊಂಡು, ತೆರೆಯ ಮೇಲಿನ ತಮ್ಮದೇ ತುಟಿಗೆ ಸರಿಯಾಗಿ ಇನ್ನೊಮ್ಮೆ ಮಾತಾಡುತ್ತಾರೆ. ಅಮ್ಮಾಜಿ ಅಂಗಳದ ಹೊಸ್ತಿಲಲ್ಲಿ ನಿಂತು "ಪೋಗು ಮಗನೆ" ಎನ್ನುವಾಗ ಸರಿಯಾಗಿ ನೆತ್ತಿಯ ಮೇಲೆ ವಿಮಾನ. ಮುಖ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ನಿರ್ದೇಶಕ ಇನ್ನೊಂದು ಟೇಕ್ ಬೇಡವೆಂದ. "ಚಲೋ, ಸ್ಟುಡಿಯೋದಲ್ಲಿ ಇದಕ್ಕಿಂತ ಚೆನ್ನಾಗಿ ಹೇಳ್ತೀನಿ" ಎಂದು ಅಮ್ಮಾಜಿ ಕುರ್ಚಿಗೆ ಹೋಗಿ ಕೂತರು.

ಹೇಳಲಿಲ್ಲ. ದೀಪಾವಳಿ ಮುಗಿದು ದೆಹಲಿಗೆ ಆ ಹಾಳು ಹೊಗೆ ಕವಿದಾಗ ಅವರಿಗೆ ಕೆಮ್ಮು ಹತ್ತಿತು. ಕೆಮ್ಮು ನ್ಯುಮೋನಿಯಾ ಆಯಿತು, ಆಸ್ಪತ್ರೆ ಆಯಿತು, ಮುಗಿಯಿತು. ಪ್ರಾರ್ಥನಾ ಸಭೆಗೆ ಹೋದಾಗ ಮಗಳು ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಕೈಮುಗಿಯುತ್ತಿದ್ದಳು. ನಲವತ್ತರ ಆಸುಪಾಸಿನ, ಬಿಗಿದ ತುಟಿಯ ಹೆಂಗಸು. ನಾನು ಯಾರೆಂದು ಹೇಳಿಕೊಂಡೆ. "ಗೊತ್ತು, ನಿಮ್ಮ ಧ್ವನಿ ಗೊತ್ತು" ಎಂದಷ್ಟೇ ಹೇಳಿದಳು.

ಸಬ್‌ಟೈಟಲ್ ಕೆಲಸ ನನ್ನ ತಲೆಯ ಮೇಲಿತ್ತು. ಮಾಡಿದವರಿಗೇ ಗೊತ್ತು ಅದರ ಪಾಡು. ಪ್ರತಿ ಸಾಲಿಗೂ ಮಾತು ಶುರುವಾಗುವ ಕ್ಷಣ, ನಿಲ್ಲುವ ಕ್ಷಣ ಗುರುತು ಮಾಡಬೇಕು. ಎರಡು ಸಾಲಿಗಿಂತ ಹೆಚ್ಚು ಹಾಕುವಂತಿಲ್ಲ. ನೋಡುವವನು ಓದಿ ಮುಗಿಸಿ ಮುಖದ ಕಡೆ ಮತ್ತೆ ಕಣ್ಣೆತ್ತಲು ಬಿಡುವು ಕೊಡಬೇಕು. ಇದಕ್ಕಾಗಿ ಒಂದೇ ತುಣುಕನ್ನು ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ ಓಡಿಸುತ್ತಲೇ ಇರಬೇಕು. ಅಮ್ಮಾಜಿಯ ಉಸಿರು ಎಲ್ಲಿ ಶುರುವಾಗುತ್ತದೆ ಎಂಬುದು ನನಗೆ ಬಾಯಿಪಾಠವಾಯಿತು. ಮಾತಿಗಿಂತ ಆ ಉಸಿರು ಹೆಚ್ಚು ಕಾಡಿತು, ಸತ್ತವರ ಉಸಿರೆಳೆತವನ್ನು ಊಟದ ಮೇಜಿನ ಮೇಲಿಟ್ಟುಕೊಂಡು ಅಳೆಯುವುದೆಂದರೇನು ಹೇಳಿ. ಕೆಲಸ ನಿಲ್ಲಿಸಿ ಅಕ್ಕಿ ತೊಳೆಯುತ್ತಿದ್ದರೂ ನಲ್ಲಿಯ ನೀರಿನ ಹಿಂದೆ ಆ ದನಿ. ಮೆಟ್ರೋದಲ್ಲಿ ಬಾಗಿಲು ಮುಚ್ಚುವ ಘೋಷಣೆ ಬಂದರೂ ಅದರ ಬೆನ್ನಿಗೆ "ಪೋಗು ಮಗನೆ". ಒಂದು ದಿನ ಇಳಿಯಬೇಕಾದ ನಿಲ್ದಾಣ ಬಿಟ್ಟು ಮುಂದೆ ಹೋಗಿಬಿಟ್ಟೆ.

ಅಂಥ ಒಂದು ಸಂಜೆ ನನ್ನ ಮಗಳು ಹೋಮ್‌ವರ್ಕ್ ಬಿಟ್ಟು ಬಂದು ನಿಂತಳು. ಅವಳು ಇಲ್ಲೇ ಹುಟ್ಟಿ ಬೆಳೆದವಳು, ಅವಳ ಕನ್ನಡ ಅರ್ಧ ದಾರಿಯಲ್ಲಿ ಹಿಂದಿಗೆ ಇಳಿದುಬಿಡುತ್ತದೆ.

"ಅಮ್ಮಾ, ಈ ಆಂಟಿ ನಿನ್ ಥರಾನೇ ಮಾತಾಡ್ತಾರೆ. ಸೇಮ್ ಟು ಸೇಮ್. ಮುಝೇ ಡರ್ ಲಗ್ ರಹಾ ಹೈ, ಬಂದ್ ಮಾಡು."

"ನನ್ ಥರ ಅಲ್ವೇ, ಮುತ್ತಜ್ಜಿ ಥರ" ಎಂದೆ.

"ಅವ್ರು ಯಾರು?"

ಅವಳಿಗೆ ಆ ಮುಖವೇ ಗೊತ್ತಿಲ್ಲ. ಕಂಪ್ಯೂಟರ್ ಮುಚ್ಚಿದೆ. ನಿಜ ಹೇಳಬೇಕೆಂದರೆ ನನಗೂ ಭಯವಾಗುತ್ತಿತ್ತು. ನಮ್ಮಜ್ಜಿಯ ರಾಗ, ಅಮ್ಮಾಜಿಯ ಗಂಟಲು, ಯಾರೂ ಆಡದ ಭಾಷೆ, ಮೂರೂ ಸೇರಿ ಒಂದೇ ಉಸಿರಿನಲ್ಲಿ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಒಳಗೆ ಓಡಾಡುತ್ತಿದ್ದವು.

ಅಮ್ಮಾಜಿಯ ದನಿಯನ್ನೇ ಉಳಿಸಿಕೊಳ್ಳಬೇಕೆಂದು ನಿರ್ದೇಶಕನಿಗೂ ಆಸೆ. ಫೋನಿಗೆ ಅವರು ಕಳಿಸಿದ್ದ ಸಾಲುಗಳು ತೆರೆಯ ಮೇಲಿನ ತುಟಿಗೆ ಹೊಂದಲಿಲ್ಲ, ಹಾಗಾಗಿ ಪೈಲಟ್‌ನಲ್ಲಿರುವ ವಿಮಾನವನ್ನೇ ತೆಗೆಯಬೇಕು. ನೋಯ್ಡಾದ ಸ್ಟುಡಿಯೋದ ಸೌಂಡ್ ಎಂಜಿನಿಯರ್ ನಮ್ಮ ಕಲಬುರಗಿ ಕಡೆಯ ಮುಸ್ಲಿಂ ಯುವಕ. ನನ್ನ ಕಂಡರೆ ಕನ್ನಡ ಆಡಲು ಸಿಕ್ಕಿತಲ್ಲ ಎಂದು ಖುಷಿ ಅವನಿಗೆ. ವಾರವಿಡೀ ಗುದ್ದಾಡಿ ನನ್ನನ್ನೂ ಕೂರಿಸಿಕೊಂಡು ಕೇಳಿಸಿದ. ವಿಮಾನ ಹೋಗಿತ್ತು. ಅಮ್ಮಾಜಿ ಮಾತ್ರ ಬಾವಿಯ ನೀರಿನೊಳಗೆ ಕೂತು ಮಾತಾಡಿದಂತೆ ಬುಳುಬುಳು ಎನ್ನುತ್ತಿದ್ದರು.

"ಇದೇನಪ್ಪಾ ಇದು, ಅವರನ್ನ ಮತ್ತೊಂದು ಸಲ ಸಾಯಿಸಿದ ಹಾಗಿದೆ!"

"ನಾ ಏನ್ ಮಾಡ್ಲಿ ಹೇಳ್ರಿ ಮೇಡಂ. ವಿಮಾನದ ಗುಂಯ್ ಅನ್ನೂದು, ಅಮ್ಮಾಜಿ ಕೆಳದನಿ, ಎರಡೂ ಒಂದಕ್ಕೊಂದು ಹೆಣಕೊಂಡಾವ. ವಿಮಾನ ತಗದ್ರ ಅಮ್ಮಾಜಿನೂ ಹೋಗ್ತಾರ. ಅಮ್ಮಾಜಿ ಇರ್ಬೇಕಂದ್ರ ವಿಮಾನನೂ ಇರ್ಬೇಕ್ರಿ."

ಆ ನೀರಿನೊಳಗಿನ ದನಿಯನ್ನೇ ಹೊತ್ತು ಗುರುಗ್ರಾಮಕ್ಕೆ ಹೋದೆವು. ಸಿನಿಮಾವನ್ನು ಕೊಳ್ಳುವ ಆನ್‌ಲೈನ್ ಸಂಸ್ಥೆಯ ಪರವಾಗಿ ತೀರ್ಮಾನ ಹೇಳುವ ಅಧಿಕಾರಿ ಒಬ್ಬ ಹರಿಯಾಣದ ಹೆಣ್ಣುಮಗಳು. ಗಾಜಿನ ಕೋಣೆಯಲ್ಲಿ ನಾಲ್ಕೂ ದೃಶ್ಯ ನೋಡಿದಳು. ನೋಡಿ, ನಾಲ್ಕನ್ನೂ ಹಿಂದಿಗೆ ಡಬ್ ಮಾಡಿ ಎಂದಳು. ನಾನು ಕೆರಳಿದೆ. ನಿಮಗೆ ಬೇಕಾದ್ದೆಲ್ಲ ಹಿಂದಿಯಲ್ಲೇ ಬೇಕಾದರೆ ಆ ಕಾಲಕ್ಕೆ ಯಾಕೆ ಹೋದಿರಿ, ರೊಟ್ಟಿ ಲಟ್ಟಿಸುತ್ತಾ ಅರ್ಧ ಕಿವಿಯಲ್ಲಿ ಕೇಳುವವರಿಗಾಗಿ ಒಂದು ಭಾಷೆಯ ಕತ್ತು ಹಿಸುಕಬೇಕೇ ಎಂದೆಲ್ಲ ಕೂಗಾಡಿದೆ. ನಿರ್ದೇಶಕ ನನ್ನ ತೋಳು ಜಗ್ಗುತ್ತಿದ್ದ. ಅವಳು ಪೂರ್ತಿ ಕೇಳಿಸಿಕೊಂಡಳು, ದನಿ ಏರಿಸಲಿಲ್ಲ.

"ಮ್ಯಾಡಂ, ರೋಹ್ತಕ್‌ನಲ್ಲಿ ನನ್ನ ಅಮ್ಮ ಇದ್ದಾರೆ. ಅವರಿಗೆ ಓದೋಕೆ ಬರಲ್ಲ. ಇಡೀ ದಿನ ಸಿನಿಮಾ ನೋಡ್ತಾರೆ. ನೀವು ಕೆಳಗೆ ಬರೆದಿದ್ದನ್ನ ಅವರಿಗೆ ಯಾರು ಓದಿ ಹೇಳಬೇಕು?"

ಹಿರಿಯೂರಿನ ಅಜ್ಜಿಗೂ ಹೆಬ್ಬೆಟ್ಟೇ ಸಹಿ. ಅವಳ ರಾಗವನ್ನು ಎರವಲು ಪಡೆದು, ಅವಳೇ ಓದಲಾಗದ ಅಕ್ಷರ ಕೆಳಗೆ ಹಾಕಿದ್ದೆ. ಈ ಯೋಚನೆ ನನಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ.

ಡಬ್ಬಿಂಗ್ ಎಂದಾಯಿತು. ಯಾರ ದನಿ? ಅಮ್ಮಾಜಿಯ ಮಗಳೇ ಡಬ್ಬಿಂಗ್ ಕಲಾವಿದೆ, ಹೊರದೇಶದ ಸರಣಿಗಳಿಗೆ ಹಿಂದಿ ದನಿ ಕೊಡುವವಳು. ಗಂಟಲು ತಾಯಿಯದೇ. ನಿರ್ದೇಶಕ ಕೇಳಿದಾಗ ಎರಡು ದಿನ ಉತ್ತರ ಕೊಡಲಿಲ್ಲವಂತೆ. ಆಮೇಲೆ ಫೋನ್ ಮಾಡಿ, "ಮಮ್ಮಿಯ ಬಾಯಲ್ಲಿ ಬೇರೆ ಯಾರೋ ಮಾತಾಡೋದು ನನಗೆ ಬೇಡ, ನಾನೇ ಮಾಡ್ತೀನಿ" ಎಂದಳಂತೆ. ಕ್ಯಾಮೆರಾ ಮುಂದೆ ತಾಯಿ ಆಡಿದ ಕಡೆಯ ಮಾತುಗಳು ಉಳಿದಿದ್ದು ಆ ಪೈಲಟ್‌ನಲ್ಲಿ ಮಾತ್ರ. ಈಗ ಅದನ್ನು ಅಳಿಸುವ ಕೈಯೂ ಅವಳದೇ ಆಗಬೇಕಾಗಿತ್ತು.

ಹಿಂದಿ ಸಾಲುಗಳನ್ನು ತುಟಿಗೆ ಹೊಂದಿಸುವ ಕೆಲಸ ನನಗೆ ಬಂತು. ತೆರೆಯ ಮೇಲೆ ತುಟಿ ಮುಚ್ಚಿದ ಕಡೆ ಪ, ಬ, ಮ ಬರಲೇಬೇಕು, ಇಲ್ಲವಾದರೆ ನೋಡುವವನಿಗೆ ತಕ್ಷಣ ಸುಳ್ಳು ಗೊತ್ತಾಗುತ್ತದೆ. "ಪೋಗು ಮಗನೆ, ಆನಿಲ್ಲಿರ್ಪೆಂ" ಎನ್ನುವುದಕ್ಕೆ ಒದ್ದಾಡಿ ಒದ್ದಾಡಿ ಕೊನೆಗೆ "ಪುತ್ತರ್ ಮೇರೇ, ಇಧರ್ ಹೂಂ ಮೈಂ" ಎಂದು ಕೂರಿಸಿದೆ. ನನ್ನ ಮಗನೇ, ಇಲ್ಲಿದ್ದೇನೆ ನಾನು. 'ಹೋಗು' ಬಿಟ್ಟುಹೋಯಿತು, ತುಟಿ ಮಾತ್ರ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. ಅಷ್ಟು ಚೆನ್ನಾಗಿ ಕೂತದ್ದಕ್ಕೆ ನನಗೆ ನನ್ನ ಮೇಲೇ ಸಿಟ್ಟು ಬಂತು.

ಸ್ಟುಡಿಯೋ ನೆಲಮಾಳಿಗೆಯಲ್ಲಿತ್ತು. ಗಾಜಿನ ಆಚೆ ಮೈಕಿನ ಮುಂದೆ ಮಗಳು, ಈಚೆ ಎಂಜಿನಿಯರ್, ನಿರ್ದೇಶಕ, ನಾನು. ಡಬ್ಬಿಂಗ್‌ನವರು ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಳ್ಳುತ್ತಾರೆ. ಆ ಕಿವಿಯಲ್ಲಿ ಪೈಲಟ್, ತೆರೆದಿಟ್ಟ ಇನ್ನೊಂದು ಕಿವಿಯಲ್ಲಿ ತಮ್ಮದೇ ದನಿ. ಬೀಪ್ ಶಬ್ದಗಳು ಬರುತ್ತವೆ, ಅವು ನಿಂತ ತಕ್ಷಣ ಮಾತು ಶುರು. ಮೊದಲ ದೃಶ್ಯ ಬಂತು. ಒಂದು ಕಿವಿಯಲ್ಲಿ ಅಮ್ಮಾಜಿ ವಿಮಾನದ ಸದ್ದಿನೊಳಗೆ ಹಳಗನ್ನಡ ಆಡುತ್ತಿದ್ದಾರೆ, ಮಗಳು ಅದರ ಮೇಲೆಯೇ ಹಿಂದಿ ಹೇಳುತ್ತಿದ್ದಾಳೆ. ಎಂಥ ಕಸುಬು ಅವಳದು! ತಾಯಿ ಉಸಿರೆಳೆದಲ್ಲಿ ತಾನೂ ಉಸಿರೆಳೆದಳು.

ಎಂಜಿನಿಯರ್ ಪೈಲಟ್ ಮುಚ್ಚಿ, ಹೊಸ ದನಿಯನ್ನಷ್ಟೇ ಚಿತ್ರಕ್ಕೆ ಸೇರಿಸಿ ತೋರಿಸಿದ. ತಾಯಿಯ ಬಾಯಿ ತೆರೆಯಿತು, ಮಗಳ ದನಿ ಹೊರಗೆ ಬಂತು. ಎಲ್ಲೂ ಬಿರುಕಿಲ್ಲ. ನಿರ್ದೇಶಕ "ವಾಹ್" ಎಂದ. ಮಗಳು ಗಾಜಿನ ಆಚೆಯಿಂದ ತೆರೆಯನ್ನೇ ನೋಡುತ್ತಾ, "ಹೋದರು ಮಮ್ಮಿ" ಎಂದಳು. ಬಸ್ಸು ಹೋಯಿತು ಎನ್ನುವ ದನಿಯಲ್ಲಿ ಹೇಳಿ ನೀರು ಕುಡಿದಳು. "ಮುಂದಿನದು ಹಾಕಿ." ಎರಡನೆಯದು, ಮೂರನೆಯದೂ ಹೀಗೇ ಮುಗಿದವು. ಪ್ರತಿ ಸಲವೂ ಎಂಜಿನಿಯರ್ ಪೈಲಟ್ ಮುಚ್ಚುವಾಗ ನಾನು ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೆ.

ಕೊನೆಯ ದೃಶ್ಯಕ್ಕೆ ಒಂದೇ ಸಾಲು. ಅವಳು ಹಾಳೆಯಲ್ಲಿ ನಾಗರಿ ಲಿಪಿಯ ಮೂಲ ಸಾಲನ್ನೂ ಅದರ ಕೆಳಗಿನ ಹಿಂದಿಯನ್ನೂ ನೋಡಿದಳು. ತೆರೆಯಲ್ಲಿ ತಾಯಿ ಹೊಸ್ತಿಲಲ್ಲಿ ನಿಂತಿದ್ದ ಚಿತ್ರ ನೋಡಿದಳು. ಮತ್ತೆ ಹಾಳೆ.

"ಇದಕ್ಕೆ ಇದಾ ಅರ್ಥ?"

"ಹೌದು. ಹೋಗು ಮಗನೇ, ನಾನಿಲ್ಲಿರ್ತೀನಿ ಅಂತ. ಯಾಕೆ?"

"ಏನಿಲ್ಲ. ಹಾಕಿ."

ಬೀಪ್ ಬಂದವು, ನಿಂತವು. ಅವಳು ಮಾತಾಡಲಿಲ್ಲ. ನಮ್ಮ ಸ್ಪೀಕರಿನಲ್ಲೂ ಅಮ್ಮಾಜಿಯ ದನಿ ಸಣ್ಣಗೆ ಬರುತ್ತಿತ್ತು. ಪೋಗು ಮಗನೆ, ಆನಿಲ್ಲಿರ್ಪೆಂ. ಮೇಲೇರಿ, ಮೆಲ್ಲಗೆ ಕೂತಿತು. ಅದು ಪೂರ್ತಿ ಮುಗಿದ ಮೇಲೆ, ಚೀಲದಲ್ಲಿ ಬೀಗದ ಕೈ ಹುಡುಕುವವರ ಗಡಿಬಿಡಿಯಲ್ಲಿ, ಮಗಳು ಮೈಕಿಗೆ ಹೇಳಿದಳು:

"ಆತೀ ಹೂಂ, ಮಮ್ಮೀ."

ಬರ್ತೀನಿ, ಮಮ್ಮಿ. ಎಂಜಿನಿಯರನ ಕೈ ಗುಂಡಿಯ ಮೇಲೇ ನಿಂತಿತು. ಡಬ್ಬಿಂಗ್ ಕಲಾವಿದರು ಸಾಲು ತಪ್ಪುತ್ತಾರೆ, ತಡಮಾಡುತ್ತಾರೆ, ಕೆಮ್ಮುತ್ತಾರೆ. ಕಿವಿಯಲ್ಲಿದ್ದ ದನಿಗೆ ಉತ್ತರ ಕೊಡುವುದನ್ನು ಅವನು ಅವತ್ತೇ ನೋಡಿದ್ದಂತೆ. ತಾನೇನು ಹೇಳಿದೆ ಎಂದು ಅವಳಿಗೂ ಗೊತ್ತಾದ ಹಾಗೆ ಕಾಣಲಿಲ್ಲ. "ಸಾರಿ, ತಡವಾಯ್ತು, ರೀಟೇಕ್" ಎಂದಳು. ಮತ್ತೆ ಹಾಕಿದ. ಈ ಸಲ ತುಟಿ ಬಿಗಿಹಿಡಿದು ನಿಂತಳು, ಏನೂ ಹೊರಡಲಿಲ್ಲ. ಮೂರನೆಯ ಸಲ ಮತ್ತೆ ಅದೇ "ಆತೀ ಹೂಂ". ಈಗ ತನ್ನ ದನಿ ತನಗೇ ಕೇಳಿಸಿತು. ಹೆಡ್‌ಫೋನ್ ತೆಗೆದು ಎದೆಗೆ ಒತ್ತಿಕೊಂಡು ನೆಲದ ಮೇಲೆಯೇ ಕೂತುಬಿಟ್ಟಳು.

ನಾನು ಒಳಗೆ ಹೋದೆ. ಪಕ್ಕದಲ್ಲಿ ಕೂತೆ.

"ಈ ಪಾತ್ರ ಸಿಕ್ಕಿದಾಗಿನಿಂದ ಮಮ್ಮಿ ದಿನಾ ಬೆಳಿಗ್ಗೆ ನನ್ನ ಮೇಲೇ ಇದನ್ನ ಪ್ರಾಕ್ಟೀಸ್ ಮಾಡ್ತಿದ್ದರು. ನಾನು ಚಪ್ಪಲಿ ಹಾಕ್ಕೊಂಡು ಹೊರಟರೆ ಬಾಗಿಲಿಗೆ ಬಂದು ಇದೇ ಸಾಲು. ಲಿಫ್ಟ್ ಬರೋವರೆಗೂ ಬಿಡ್ತಿರಲಿಲ್ಲ. ನನಗೆ ಲೇಟಾಗಿರ್ತಿತ್ತು. ಯಾವುದೋ ಬೈಗುಳ ಇರಬೇಕು ಅಂದುಕೊಂಡಿದ್ದೆ, ಮ್ಯಾಡಂ!" ಎಂದು ನಗಲು ಹೋದಳು. "ಅರ್ಥ ಕೇಳಲೇ ಇಲ್ಲ. ಆತೀ ಹೂಂ ಅಂತ ಹೇಳಿ ಹೋಗ್ತಿದ್ದೆ. ನಮ್ಮಲ್ಲಿ ಹೊರಡೋವಾಗ ಜಾತೀ ಹೂಂ, ಹೋಗ್ತೀನಿ ಅನ್ನಲ್ಲ."

"ನಮ್ಮಲ್ಲೂ ಅನ್ನಲ್ಲ ಕಣಮ್ಮ. ಬರ್ತೀನಿ ಅನ್ನೋದು."

"ಇಲ್ಲಿರ್ತೀನಿ ಅಂತಿದ್ದರಾ? ದಿನಾ?"

ನಾನು ತಲೆಯಾಡಿಸಿದೆ. "ಝೂಠೀ, ಸುಳ್ಳುಗಾತಿ" ಎಂದಳು. ಆಮೇಲೆ ಅತ್ತಳು. ನನಗೂ ತಡೆಯಲಾಗಲಿಲ್ಲ. ಅಮ್ಮಾಜಿಗಾಗಿ ಅಳುತ್ತಿದ್ದೇನೋ ಅಜ್ಜಿಗಾಗಿಯೋ ಗೊತ್ತಾಗಲಿಲ್ಲ.

ಹೊರಗೆ ನಿರ್ದೇಶಕ ಚಡಪಡಿಸುತ್ತಿದ್ದ. ಸಿನಿಮಾ ಒಪ್ಪಿಸುವ ದಿನ ಹತ್ತಿರ ಬಂದಿತ್ತು. ಈ ಒಂದು ಸಾಲಿಗೆ ಬೇರೆ ಕಲಾವಿದೆಯನ್ನು ಕರೆಸಿದರೆ ಹೇಗೆ ಎಂದು ಅಳುಕುತ್ತಲೇ ಕೇಳಿದ. ಅವಳು ಕಣ್ಣೊರೆಸಿಕೊಂಡು, ಹಾಗಾದರೆ ಈಗ ಕೊಟ್ಟ ಮೂರು ದೃಶ್ಯವನ್ನೂ ಅಳಿಸಿಬಿಡಿ ಎಂದಳು. ತಾನೂ ಹೇಳಲಾರಳು, ಇನ್ನೊಬ್ಬರಿಗೂ ಬಿಡಲಾರಳು. ನಿರ್ದೇಶಕ ನನ್ನ ಮುಖ ನೋಡಿದ.

ಹಾಳೆ ನನ್ನ ಕೈಯಲ್ಲಿತ್ತು. ಹಿಂದಿ ಸಾಲು ಬರೆದವಳು ನಾನು. ಪೆನ್ನು ತೆಗೆದು ಅದನ್ನು ಹೊಡೆದುಹಾಕಿದೆ. "ಇಲ್ಲಿ ಹಿಂದಿ ಸಾಲೇ ಇಲ್ಲ. ಅಮ್ಮಾಜಿ ಹೇಳಿದ್ದೇ ಇರಲಿ, ಸ್ವಚ್ಛ ಮಾಡದ ಪೈಲಟ್" ಎಂದೆ.

"ಮೂರು ದೃಶ್ಯದಲ್ಲಿ ಹಿಂದಿ ಮಾತಾಡಿದವಳು ನಾಲ್ಕನೆಯದರಲ್ಲಿ ಇದ್ದಕ್ಕಿದ್ದ ಹಾಗೆ ಹಳಗನ್ನಡ ಯಾಕೆ ಆಡ್ತಾಳೆ ಮ್ಯಾಡಂ? ಜನ ನಗಲ್ವಾ?"

"ನಿಮ್ಮ ಕಥೆಯನ್ನ ನೀವೇ ಮರೆತರೆ ಹೇಗೆ? ಇಷ್ಟು ಹೊತ್ತೂ ದುಭಾಷಿ ಹೇಳಿದ್ದನ್ನ ವ್ಯಾಪಾರಿ ಕೇಳ್ತಿದ್ದ, ನಾವೂ ಹಿಂದಿಯಲ್ಲಿ ಕೇಳಿದೆವು. ಈಗ ದುಭಾಷಿಯೂ ಸೈನ್ಯದ ಜೊತೆ ಹೊರಟುಹೋದ. ಆ ತಾಯಿಯ ಮಾತು ನೇರವಾಗಿ ಕಿವಿಗೆ ಬೀಳೋದು ಈಗಲೇ."

ಆತ "ಅಚ್ಛಾ" ಎಂದ. "ಹಾಗಾದರೆ ಕೆಳಗೆ ನಿಮ್ಮ ಸಬ್‌ಟೈಟಲ್ ಹಾಕೋಣ."

ಇಷ್ಟು ದಿನ ನಾನು ಗುದ್ದಾಡಿದ್ದು ಅದಕ್ಕೇ. ಹೂಂ ಎನ್ನಲು ಬಾಯಿ ತೆರೆದೆ ಕೂಡ. ಆದರೆ ಅಕ್ಷರ ಬಂದರೆ ಎಲ್ಲರ ಕಣ್ಣೂ ತೆರೆಯ ಕೆಳಗಿನ ಅಂಚಿಗೆ ಜಾರುತ್ತದೆ. ಆ ತಾಯಿ 'ಇರ್ಪೆಂ' ಎಂದು ತುಟಿ ಮುಚ್ಚಿ ನಿಲ್ಲುವ ಆ ಗಳಿಗೆಯಲ್ಲಿ ಒಬ್ಬರೂ ಮುಖ ನೋಡುತ್ತಿರುವುದಿಲ್ಲ. ತಿಂಗಳುಗಟ್ಟಲೆ ಆ ಗಳಿಗೆಯನ್ನು ಅಳೆದವಳಿಗೆ ಅದು ಗೊತ್ತಿರದೆ ಇನ್ನಾರಿಗೆ ಗೊತ್ತು? ಅದೂ ಬೇಡ ಎಂದೆ.

ಕಾರಿಡಾರಿನಿಂದ ಗುರುಗ್ರಾಮದ ಅಧಿಕಾರಿಗೆ ನಾನೇ ಫೋನ್ ಮಾಡಿದೆ. ಡಬ್ಬಿಂಗೂ ಇಲ್ಲ, ಸಬ್‌ಟೈಟಲೂ ಇಲ್ಲ ಎಂದಾಗ ಅವಳು ನಿಟ್ಟುಸಿರು ಬಿಟ್ಟಳು. ಜನಕ್ಕೆ ಏನು ಅರ್ಥವಾಗಬೇಕು ಎಂದಳು. "ನಿಮ್ಮ ಅಮ್ಮನಿಗೆ ತೋರಿಸಿ. ಅವರಿಗೆ ಅರ್ಥವಾಗದಿದ್ದರೆ ನೀವು ಹೇಳಿದ ಹಾಗೆ ಮಾಡ್ತೀವಿ" ಎಂದುಬಿಟ್ಟೆ. ಎಂಜಿನಿಯರ್ ತುಣುಕು ಕಳಿಸಿದ. ಊಟ ಯಾರಿಗೂ ಸೇರಲಿಲ್ಲ. ಮಗಳು ಮೈಕಿನ ಕೋಣೆಯಿಂದ ಹೊರಗೆ ಬರಲೇ ಇಲ್ಲ. ಮಧ್ಯಾಹ್ನದ ಟೀ ಬರುವ ಹೊತ್ತಿಗೆ ಫೋನ್ ಬಂತು.

"ನಮ್ಮ ಅಮ್ಮ ಮೂರು ಸಲ ನೋಡಿದರು. ಆ ಹೆಂಗಸು 'ಬೇಗ ಬಾ' ಅಂತಿದ್ದಾಳೆ ಅಂದರು. ಸರೀನಾ?"

ಸರಿ ಎಂದೆ.

"ಮತ್ತೆ, ಆ ಕಾಲದಲ್ಲಿ ವಿಮಾನ ಎಲ್ಲಿಂದ ಬಂತು ಅಂತಾನೂ ಕೇಳಿದರು. ಅದೊಂದನ್ನ ಏನಾದರೂ ಮಾಡಿ."

ಎಂಜಿನಿಯರ್ ವಿಮಾನವನ್ನು ತೆಗೆಯಲಿಲ್ಲ. ಅದರ ಕೆಳಗೆ ದೂರದ ರಣಭೇರಿ ಸೇರಿಸಿದ, ಅದರ ಜೊತೆಗೆ ಗಾಳಿ. "ಈಗ ಅದು ವಿಮಾನ ಅಲ್ಲರಿ ಮೇಡಂ, ದಂಡು ಹೊಂಟದ" ಎಂದ. ಕೇಳಿದರೆ ಹೌದು, ದಂಡು ಹೊರಟಿತ್ತು. ಅದರ ನಡುವೆ ಅಮ್ಮಾಜಿಯ ದನಿ ಒರಟಾಗಿ, ಹಸಿಯಾಗಿ, ಅವರು ಹೇಳಿದ ಹಾಗೆಯೇ ಇತ್ತು.

ಬಿಡುಗಡೆಗೆ ಮುಂಚೆ ಕೆಲಸ ಮಾಡಿದವರಿಗೆಂದು ದೆಹಲಿಯ ಒಂದು ಸಣ್ಣ ಸಭಾಂಗಣದಲ್ಲಿ ಮಧ್ಯಾಹ್ನ ಸಿನಿಮಾ ತೋರಿಸಿದರು. ಮಗಳು ನನ್ನ ಪಕ್ಕ ಕೂತಿದ್ದಳು. ಮೂರು ದೃಶ್ಯಗಳಲ್ಲಿ ತಾಯಿಯ ಬಾಯಿಂದ ತನ್ನದೇ ದನಿ ಬರುವಾಗ ಕಲ್ಲಿನಂತೆ ಕೂತು ನೋಡಿದಳು. ಕೊನೆಗೆ ಹೊಸ್ತಿಲು ಬಂತು. ತೆರೆಯ ಕೆಳಗೆ ಏನೂ ಇರಲಿಲ್ಲ. ಪೋಗು ಮಗನೆ, ಆನಿಲ್ಲಿರ್ಪೆಂ. ದನಿ ಕೆಳಗೆ ಕೂತ ಮೇಲೆ ನನ್ನ ಮೈಯೆಲ್ಲ ಕಿವಿಯಾಗಿ ಪಕ್ಕದ ಕುರ್ಚಿಯ ಕಡೆ ಕಾಯಿತು. ಮುಂದಿನ ಸಾಲಿನಲ್ಲಿ ಎಂಜಿನಿಯರ್ ಕೂಡ ಅರ್ಧ ಕತ್ತು ತಿರುಗಿಸಿದ್ದು ಕಂಡಿತು. ಅವಳು ಏನೂ ಹೇಳಲಿಲ್ಲ. ಆ ಖಾಲಿ ಗಳಿಗೆ ಹಾಗೇ ಕಳೆದು ಮುಂದಿನ ದೃಶ್ಯ ಬಂತು.

ಹೊರಗೆ ಬಂದು ಆಟೋಗೆ ನಿಂತಾಗ ನನಗೆ ತಡೆಯಲಾಗಲಿಲ್ಲ.

"ಈ ಸಲ ಉತ್ತರ ಕೊಡಲಿಲ್ಲ ನೀನು" ಎಂದೆ.

ಅವಳು ದುಪಟ್ಟಾ ಸರಿಮಾಡಿಕೊಂಡಳು. ಮುಖ ಶಾಂತವಾಗಿತ್ತು.

"ಈಗ ಹೊರಟಿದ್ದು ಮಮ್ಮಿ ಅಲ್ವಾ, ಮ್ಯಾಡಂ? ಉಳಿದವಳು ನಾನು. ಬರ್ತೀನಿ ಅನ್ನಬೇಕಾದ್ದು ಅವರು."